ಅಂತರರಾಷ್ಟ್ರೀಯ ಅಭಿವೃದ್ಧಿ ಸ್ನಾತಕೋತ್ತರ ಪದವಿ: ವಿದೇಶಿ ಕೋರ್ಸುಗಳ ವಿಮರ್ಶೆ

ಅಭಿವೃದ್ಧಿ ಅಧ್ಯಯನದಲ್ಲಿ ವಿದೇಶದ ಸ್ನಾತಕೋತ್ತರ ಪದವಿ ಪಡೆಯಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ನೋಡುವುದು ರ‍್ಯಾಂಕಿಂಗ್ ಪಟ್ಟಿ. ಕ್ಯೂಎಸ್ ಎಂಬ ಬ್ರಿಟಿಷ್ ಸಂಸ್ಥೆ ಪ್ರಕಟಿಸುವ ಪಟ್ಟಿಯಲ್ಲಿ ಈ ವಿಷಯಕ್ಕೆ ಹಲವು ವರ್ಷಗಳಿಂದ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯ ಮೊದಲ ಸ್ಥಾನದಲ್ಲಿದೆ. ಆಕ್ಸ್‌ಫರ್ಡ್, ಹಾರ್ವರ್ಡ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮೊದಲಾದವು ಅದರ ಆಸುಪಾಸಿನಲ್ಲಿವೆ. ಪಟ್ಟಿ ಸುಳ್ಳಲ್ಲ. ಆದರೆ ಅದು ಅಳೆಯುವುದು ಪ್ರಾಧ್ಯಾಪಕರ ವಲಯದಲ್ಲಿ ಸಂಸ್ಥೆಗಿರುವ ಹೆಸರು, ಉದ್ಯೋಗದಾತರ ಅಭಿಪ್ರಾಯ ಮತ್ತು ಸಂಶೋಧನಾ ಲೇಖನಗಳಿಗೆ ಸಿಕ್ಕ ಉಲ್ಲೇಖಗಳನ್ನು. ಕೋರ್ಸು ಮುಗಿಯುವಷ್ಟರಲ್ಲಿ ವಿದ್ಯಾರ್ಥಿಯ ಕೈಯಿಂದ ಏನನ್ನು ಮಾಡಿಸುತ್ತಾರೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ನನ್ನ ಮಟ್ಟಿಗೆ ಈ ಪದವಿಗಳನ್ನು ತೂಗಿ ನೋಡಲು ಅದಕ್ಕಿಂತ ನಂಬಿಕಸ್ಥ ಪ್ರಶ್ನೆ ಮತ್ತೊಂದಿಲ್ಲ. ಈ ವಿಮರ್ಶೆಯನ್ನು ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಗಣಿತ ಮತ್ತು ಅರ್ಥಶಾಸ್ತ್ರವನ್ನು ತಳಹದಿಯಾಗಿಟ್ಟುಕೊಂಡ ಕೋರ್ಸುಗಳಲ್ಲಿ ಹಾರ್ವರ್ಡ್ ಕೆನಡಿ ಸ್ಕೂಲಿನ ಎಂಪಿಎ/ಐಡಿ (ಅಂತರರಾಷ್ಟ್ರೀಯ ಅಭಿವೃದ್ಧಿಯನ್ನು ಕುರಿತ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ) ಬಹಳ ಕಠಿಣವಾದುದು. 1999ರಲ್ಲಿ ಆರಂಭವಾದ ಈ ಎರಡು ವರ್ಷಗಳ ಪದವಿಗೆ ಅರ್ಜಿ ಹಾಕುವವರು ಸೂಕ್ಷ್ಮ ಮತ್ತು ಸ್ಥೂಲ ಅರ್ಥಶಾಸ್ತ್ರಗಳ ಜೊತೆಗೆ ಬಹುಚಲ ಕಲನಶಾಸ್ತ್ರವನ್ನೂ ವಿಶ್ವವಿದ್ಯಾಲಯದ ಮಟ್ಟದಲ್ಲಿ ಓದಿರಬೇಕು. ಸಮಾಜಕಾರ್ಯದಲ್ಲಿ ಎಷ್ಟೇ ಅನುಭವವಿದ್ದರೂ ಈ ತಯಾರಿಯಿಲ್ಲದೆ ಒಳಗೆ ಹೋಗುವುದು ಕಷ್ಟ. ಮೊದಲ ವರ್ಷದ ಹೊರೆ ಹೆಚ್ಚು. ಎರಡನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ನಿಜವಾದ ಸಮಸ್ಯೆಯೊಂದನ್ನು ಎದುರಿಸುತ್ತಿರುವ ಸರ್ಕಾರಿ ಇಲಾಖೆಗೋ ಸಂಸ್ಥೆಗೋ ನೀತಿ ವಿಶ್ಲೇಷಣೆಯೊಂದನ್ನು ಬರೆದುಕೊಡಬೇಕು. ಡಾನಿ ರಾಡ್ರಿಕ್, ರಿಕಾರ್ಡೊ ಹೌಸ್‌ಮನ್ ಅವರಂಥ ಅರ್ಥಶಾಸ್ತ್ರಜ್ಞರು ಪಾಠ ಮಾಡಿರುವ ಈ ಶಾಲೆಯ ಆಲೋಚನಾ ಕ್ರಮ ಸ್ಪಷ್ಟ: ಒಂದು ದೇಶದ ಬೆಳವಣಿಗೆಯನ್ನು ತಡೆದಿರುವ ಬಿಗಿಯಾದ ಅಡ್ಡಿ ಯಾವುದು ಎಂದು ಮೊದಲು ಹುಡುಕಬೇಕು, ಔಷಧಿಯ ಮಾತು ಆಮೇಲೆ. ಹಣಕಾಸು ಸಚಿವಾಲಯಗಳಲ್ಲಿ, ಕೇಂದ್ರ ಬ್ಯಾಂಕುಗಳಲ್ಲಿ, ಅಭಿವೃದ್ಧಿ ಬ್ಯಾಂಕುಗಳಲ್ಲಿ ಕೆಲಸ ಮಾಡಬಯಸುವವರಿಗೆ ಇದು ಒಪ್ಪುವ ಜಾಗ.

ಇದಕ್ಕೆ ತೀರಾ ಎದುರು ದಿಕ್ಕಿನಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯ ಮತ್ತು ನೆದರ್ಲೆಂಡ್ಸಿನ ಹೇಗ್ ನಗರದ ಐಎಸ್‌ಎಸ್ ಎಂಬ ಸಮಾಜ ಅಧ್ಯಯನ ಸಂಸ್ಥೆ ಇವೆ. ಸೋಆಸ್‌ನಲ್ಲಿ ಅಭಿವೃದ್ಧಿ ಎಂದರೆ ನೆರವಿನ ತಂತ್ರವಲ್ಲ. ಬಂಡವಾಳ, ದುಡಿಮೆ, ಭೂಮಿ ಮತ್ತು ಪ್ರಭುತ್ವಗಳ ನಡುವಿನ ಜಗ್ಗಾಟದ ಚರಿತ್ರೆ. 1952ರಲ್ಲಿ ಸ್ಥಾಪನೆಯಾಗಿ 2009ರಿಂದ ರಾಟರ್‌ಡ್ಯಾಮಿನ ಎರಾಸ್ಮಸ್ ವಿಶ್ವವಿದ್ಯಾಲಯದ ಭಾಗವಾಗಿರುವ ಐಎಸ್‌ಎಸ್ ಕೃಷಿಕ ಸಮಾಜ, ಆಹಾರ ಮತ್ತು ಪರಿಸರಗಳ ರಾಜಕೀಯ ಅರ್ಥಶಾಸ್ತ್ರದಲ್ಲಿ ಬಲವಾದ ಪರಂಪರೆಯುಳ್ಳದ್ದು, ಮತ್ತು ಅಲ್ಲಿನ ತರಗತಿಗಳಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಲ್ಲಿ ಆಗಲೇ ಕೆಲಸ ಮಾಡಿ ಬಂದವರ ಸಂಖ್ಯೆ ದೊಡ್ಡದು. ಈ ಎರಡೂ ಸಂಸ್ಥೆಗಳು ಪ್ರಶ್ನೆ ಕೇಳುವುದನ್ನು ಚೆನ್ನಾಗಿ ಕಲಿಸುತ್ತವೆ. ಅಂಕಿಅಂಶಗಳ ಸಾಫ್ಟ್‌ವೇರು, ಬಜೆಟ್ಟು, ಯೋಜನಾ ನಿರ್ವಹಣೆಗಳನ್ನು ಕಲಿಯಬೇಕೆಂದು ಹೋದವರಿಗೆ ಮಾತ್ರ ಅಲ್ಲಿ ನಿರಾಸೆಯಾಗಬಹುದು.

ಸಸೆಕ್ಸ್‌ನ ಹೆಸರಿನ ಹಿಂದಿರುವುದು ಅದರ ಆವರಣದಲ್ಲಿಯೇ 1966ರಲ್ಲಿ ಸ್ಥಾಪನೆಯಾದ ಐಡಿಎಸ್ ಎಂಬ ಸಂಶೋಧನಾ ಸಂಸ್ಥೆ. ಹಳ್ಳಿಯ ಜನರೇ ತಮ್ಮೂರಿನ ನಕ್ಷೆಯನ್ನು ನೆಲದ ಮೇಲೆ ಬಿಡಿಸಿ, ಯಾರು ಬಡವರು ಏಕೆ ಬಡವರು ಎಂದು ತಾವೇ ವಿಂಗಡಿಸಿ ಹೇಳುವ ಸಹಭಾಗಿ ಸಮೀಕ್ಷೆಯ ಕ್ರಮವನ್ನು ಜಗತ್ತಿನಾದ್ಯಂತ ಹರಡಿದ ರಾಬರ್ಟ್ ಚೇಂಬರ್ಸ್ ಇಲ್ಲಿಯವರು. ಅಧಿಕಾರ, ಲಿಂಗತ್ವ, ಜನರ ಪಾಲ್ಗೊಳ್ಳುವಿಕೆ ಇವು ಈ ಸಂಸ್ಥೆಯ ಜೀವಾಳ. ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲವು ವರ್ಷ ದುಡಿದು, ತಮ್ಮದೇ ಕೆಲಸವನ್ನು ಹೊಸ ಕಣ್ಣಿನಿಂದ ನೋಡಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವ ಹೆಸರು ಇದು. ನೇರವಾಗಿ ಪದವಿ ತರಗತಿಯಿಂದ ಬಂದವರಿಗೆ ಇಲ್ಲಿನ ಚರ್ಚೆಗಳಲ್ಲಿ ಹಿಡಿತ ಸಿಗುವುದು ತಡವಾಗುತ್ತದೆ, ಏಕೆಂದರೆ ಆ ಚರ್ಚೆಗಳು ಅನುಭವವನ್ನು ಕೆದಕಿಯೇ ಮುಂದುವರಿಯುತ್ತವೆ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಡೆವಲಪ್‌ಮೆಂಟ್ ಮ್ಯಾನೇಜ್‌ಮೆಂಟ್ ಕೋರ್ಸಿನಲ್ಲಿ ವಿದ್ಯಾರ್ಥಿಗಳು ಸಣ್ಣ ಗುಂಪುಗಳಲ್ಲಿ ಹೊರಗಿನ ಸಂಸ್ಥೆಯೊಂದಕ್ಕೆ ಸಲಹಾ ವರದಿ ಸಿದ್ಧಪಡಿಸುತ್ತಾರೆ. ಒಂದೇ ವರ್ಷದ ಕೋರ್ಸಿನಲ್ಲಿ ಇದು ದೊಡ್ಡ ಅನುಕೂಲ. ಮ್ಯಾಂಚೆಸ್ಟರಿನ ಗ್ಲೋಬಲ್ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ತನ್ನ ಬೇರುಗಳನ್ನು 1958ರವರೆಗೆ ಗುರುತಿಸಿಕೊಳ್ಳುತ್ತದೆ. ಅಲ್ಲಿ ಪರಿಸರ, ನಗರ, ಹಣಕಾಸು, ಮಾನವ ಸಂಪನ್ಮೂಲ ಎಂದು ಕವಲೊಡೆದ ಹಲವು ಪದವಿಗಳಿವೆ.

ಒಂದು ವರ್ಷವೋ ಎರಡು ವರ್ಷವೋ ಎಂಬ ಪ್ರಶ್ನೆಗೆ ಅರ್ಜಿದಾರರು ಕೊಡಬೇಕಾದಷ್ಟು ಗಮನ ಕೊಡುತ್ತಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬ್ರಿಟನ್ನಿನ ಒಂದು ವರ್ಷದ ಕೋರ್ಸು ಸೆಪ್ಟೆಂಬರ್ ಕೊನೆಗೆ ಆರಂಭವಾಗುತ್ತದೆ. ಊರು, ಚಳಿ, ಗ್ರಂಥಾಲಯ ಅಭ್ಯಾಸವಾಗುವಷ್ಟರಲ್ಲಿ ಡಿಸೆಂಬರ್ ಬಂದಿರುತ್ತದೆ. ಜನವರಿಯಲ್ಲಿ ಪ್ರಬಂಧಗಳನ್ನು ಒಪ್ಪಿಸುತ್ತಲೇ ಉದ್ಯೋಗದ ಅರ್ಜಿಗಳನ್ನೂ ಹಾಕಬೇಕು. ಮೇ ಹೊತ್ತಿಗೆ ಪರೀಕ್ಷೆಗಳು, ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಸುಮಾರು 10,000 ಪದಗಳ ಸಂಶೋಧನಾ ಪ್ರಬಂಧ. ಇಷ್ಟರೊಳಗೆ ಕ್ಷೇತ್ರಕಾರ್ಯಕ್ಕೆ ಸಮಯ ಸಿಗುವುದು ಅಪರೂಪ, ಹಾಗಾಗಿ ಬಹುಪಾಲು ಪ್ರಬಂಧಗಳು ಬೇರೆಯವರು ಸಂಗ್ರಹಿಸಿದ ದತ್ತಾಂಶಗಳನ್ನೇ ನೆಚ್ಚಿಕೊಳ್ಳುತ್ತವೆ. ಆಕ್ಸ್‌ಫರ್ಡಿನ ಎಂ.ಫಿಲ್. ಎಂಬ ಸ್ನಾತಕೋತ್ತರ ಪದವಿಯಲ್ಲಾದರೆ 21 ತಿಂಗಳಿರುತ್ತದೆ. ಎರಡು ವರ್ಷಗಳ ನಡುವಿನ ಬೇಸಿಗೆಯಲ್ಲಿ ವಿದ್ಯಾರ್ಥಿ ಕ್ಷೇತ್ರಕ್ಕೆ ಹೋಗಿ ಬಂದು 30,000 ಪದಗಳವರೆಗಿನ ಪ್ರಬಂಧ ಬರೆಯುತ್ತಾನೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಡು ವರ್ಷಗಳ ಕೋರ್ಸಿನಲ್ಲಿ ಮೂರನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್‌ಗೆ ಮೀಸಲು. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆಯಡಿ ನಡೆಯುವ ಗ್ಲೋಡೆಪ್ ಎಂಬ ಅಭಿವೃದ್ಧಿ ನೀತಿಯ ಪದವಿಯಲ್ಲಿ ಜೆಕ್ ಗಣರಾಜ್ಯದ ಒಲೊಮೌಟ್ಸ್, ಫ್ರಾನ್ಸಿನ ಕ್ಲೆರ್ಮಾಂ, ಇಟಲಿಯ ಪಾವಿಯಾ ಈ ಮೂರು ಕಡೆ ಓದು. ಖರ್ಚು ಭರಿಸಲು ದಾರಿಯಿದ್ದರೆ ಎರಡು ವರ್ಷಗಳ ಕೋರ್ಸೇ ಮೇಲು. ಕೆಲಸದಿಂದ ರಜೆ ಪಡೆದು ಹೋಗುವವರಿಗೆ, ಮನೆಯಲ್ಲಿ ಮಕ್ಕಳಿರುವವರಿಗೆ ಒಂದು ವರ್ಷವೇ ಸಾಕಾಗಬಹುದು, ಅದರಲ್ಲಿ ತಪ್ಪೇನಿಲ್ಲ.

ಕೋರ್ಸಿನ ಜಾಹೀರಾತು ಪುಟವನ್ನು ಓದಿ ಯಾರೂ ತೀರ್ಮಾನಕ್ಕೆ ಬರಬಾರದು. ನಾನು ಪರಿಶೀಲಿಸಿದ ಒಂದು ವಿಶ್ವವಿದ್ಯಾಲಯದ ಪುಟದಲ್ಲಿ ಕ್ಷೇತ್ರಕಾರ್ಯದ ಚಿತ್ರಗಳು ಮೇಲಿನಿಂದ ಕೆಳಗಿನವರೆಗೆ ತುಂಬಿದ್ದವು; ಅದೇ ಕೋರ್ಸಿನ ವಿದ್ಯಾರ್ಥಿ ಕೈಪಿಡಿಯನ್ನು ತೆಗೆದು ನೋಡಿದರೆ ಆ ಪ್ರವಾಸ ಐಚ್ಛಿಕ, ಸೀಟುಗಳು ಸೀಮಿತ, ಖರ್ಚು ಶುಲ್ಕದಲ್ಲಿ ಸೇರಿಲ್ಲ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಮೌಲ್ಯಮಾಪನ ವಿಧಾನಗಳನ್ನು ಕಲಿಸುವ ಪತ್ರಿಕೆಯೊಂದನ್ನು, ಪ್ರಾಧ್ಯಾಪಕರು ಸಂಶೋಧನಾ ರಜೆಯಲ್ಲಿದ್ದ ಕಾರಣ ಆ ವರ್ಷ ನಡೆಸುತ್ತಿರಲಿಲ್ಲ. ಆದ್ದರಿಂದ ಕೈಪಿಡಿಯನ್ನೇ ಕೇಳಿ ಪಡೆಯಬೇಕು. ಹಿಂದಿನ ವರ್ಷ ನಿಜವಾಗಿ ನಡೆದ ಪತ್ರಿಕೆಗಳು ಯಾವುವು, ಐಚ್ಛಿಕ ಪತ್ರಿಕೆಗಳಿಗೆ ಸೀಟಿನ ಮಿತಿ ಇದೆಯೇ, ಒಬ್ಬ ಮಾರ್ಗದರ್ಶಕರ ಕೈಯಲ್ಲಿ ಎಷ್ಟು ಪ್ರಬಂಧಗಳಿರುತ್ತವೆ ಎಂದು ವಿಭಾಗದ ಕಚೇರಿಗೆ ಬರೆದು ಕೇಳಬೇಕು. ಉತ್ತರ ಬರುವ ರೀತಿಯೇ ಆ ವಿಭಾಗದ ಬಗ್ಗೆ ಬಹಳಷ್ಟನ್ನು ತಿಳಿಸುತ್ತದೆ. ಇತ್ತೀಚೆಗೆ ಓದಿ ಹೊರಬಂದವರೊಡನೆ ಮಾತಾಡುವುದು ಇನ್ನೂ ಒಳ್ಳೆಯದು. ಆದರೆ ಅವರನ್ನು ಕೋರ್ಸು ಚೆನ್ನಾಗಿತ್ತೇ ಎಂದು ಕೇಳದೆ, ಪ್ರಬಂಧಕ್ಕೆ ದತ್ತಾಂಶ ಎಲ್ಲಿಂದ ತಂದಿರಿ, ಮಾರ್ಗದರ್ಶಕರನ್ನು ಎಷ್ಟು ಸಲ ಭೇಟಿಯಾದಿರಿ ಎಂದು ಕೇಳಬೇಕು.

ಅರ್ಜಿಯ ವಿಷಯಕ್ಕೆ ಬಂದರೆ, ಅಂಕಪಟ್ಟಿ ಮತ್ತು ಇಂಗ್ಲಿಷ್ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಇಎಲ್‌ಟಿಎಸ್ ಫಲಿತಾಂಶಕ್ಕೆ ಎರಡು ವರ್ಷಗಳ ಮಾನ್ಯತೆ ಇರುವುದರಿಂದ ಅದನ್ನು ಬೇಗ ಬರೆದುಬಿಡಬಹುದು. ಅರ್ಜಿಯ ನಿಜವಾದ ತಿರುಳು ಉದ್ದೇಶ ಪತ್ರ. ‘ಬಡವರ ಬದುಕನ್ನು ಬದಲಾಯಿಸಬೇಕೆಂಬ ಹಂಬಲ ನನಗೆ ಚಿಕ್ಕಂದಿನಿಂದಲೂ ಇದೆ’ ಎಂದು ಆರಂಭವಾಗುವ ಪತ್ರಗಳು ಆಯ್ಕೆ ಸಮಿತಿಯ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಅದರ ಬದಲು ಒಬ್ಬ ಅರ್ಜಿದಾರ ಹೀಗೆ ಬರೆದರೆ ನೋಡಿ: ‘ನಮ್ಮ ವರದಿಯಲ್ಲಿ ಚಾಲ್ತಿಯಲ್ಲಿವೆ ಎಂದು ಬರೆದಿದ್ದ ಕೈಪಂಪುಗಳು ಹಳ್ಳಿಗಳಲ್ಲಿ ಕೆಟ್ಟು ನಿಂತಿದ್ದವು. ದುರಸ್ತಿಯ ಹೊಣೆ ಹೊತ್ತ ಬಳಕೆದಾರರ ಸಮಿತಿಗಳು ಕಾಗದದ ಮೇಲಷ್ಟೇ ಇದ್ದವು. ಇಂಥ ಸಮಿತಿಗಳು ಎಲ್ಲಿ ಉಳಿಯುತ್ತವೆ, ಎಲ್ಲಿ ಕುಸಿಯುತ್ತವೆ ಎಂದು ತಿಳಿಯುವ ವಿಧಾನ ನನಗೆ ಬೇಕಾಗಿದೆ.’ ಈ ಮೂರು ವಾಕ್ಯಗಳಲ್ಲಿ ಅನುಭವವಿದೆ, ಪ್ರಶ್ನೆಯಿದೆ, ಕೋರ್ಸಿನಿಂದ ಏನು ಬೇಕೆಂಬ ತಿಳಿವಳಿಕೆಯಿದೆ. ಅಲ್ಲಿಂದ ಮುಂದೆ ಆ ವಿಭಾಗದ ಯಾವ ಪತ್ರಿಕೆ, ಯಾರ ಸಂಶೋಧನೆ ಈ ಪ್ರಶ್ನೆಗೆ ಹತ್ತಿರವೆಂದು ಹೇಳುವುದು ಸಹಜವಾಗಿಯೇ ಬರುತ್ತದೆ. ಇಂಥ ಪತ್ರವನ್ನು ಐಡಿಎಸ್‌ಗೆ ಬರೆದಂತೆಯೇ ಹಾರ್ವರ್ಡಿಗೂ ಬರೆಯಲು ಆಗುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಕಡೆ ಸಮಿತಿಯೊಳಗಿನ ಅಧಿಕಾರದ ಪ್ರಶ್ನೆ ಮುಂದೆ ಬರುತ್ತದೆ, ಇನ್ನೊಂದು ಕಡೆ ಅಳತೆಯ ಪ್ರಶ್ನೆ. ಶಿಫಾರಸು ಪತ್ರ ಬರೆಯುವವರಿಗೂ ಈ ಉದ್ದೇಶ ಪತ್ರದ ಪ್ರತಿಯನ್ನು ಮೊದಲೇ ಕೊಡಬೇಕು. ದೊಡ್ಡ ಹುದ್ದೆಯವರ ನಾಲ್ಕು ಸಾಲಿನ ಹೊಗಳಿಕೆಗಿಂತ, ಜೊತೆಯಲ್ಲಿ ಕೆಲಸ ಮಾಡಿಸಿದವರು ಬರೆದ ಒಂದು ಪುಟ ಹೆಚ್ಚು ಬೆಲೆಯುಳ್ಳದ್ದು.

ಹಣದ ಬಗ್ಗೆ ನೇರವಾಗಿ ಹೇಳುತ್ತೇನೆ: ದೊಡ್ಡ ಸಾಲ ಮಾಡಿ ಈ ಪದವಿ ಓದುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಈ ಕ್ಷೇತ್ರದ ಆರಂಭದ ಸಂಬಳಗಳು ಅಂಥ ಸಾಲವನ್ನು ಹೊರುವಂಥವಲ್ಲ. ಹಾಗಾಗಿ ಕೋರ್ಸಿನ ಆಯ್ಕೆಯನ್ನು ವಿದ್ಯಾರ್ಥಿವೇತನದ ಆಯ್ಕೆಯಿಂದ ಬೇರ್ಪಡಿಸಲು ಬರುವುದಿಲ್ಲ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ, ಅಂದರೆ ಸುಮಾರು ಎರಡು ವರ್ಷಗಳ ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ಷರತ್ತೂ ಇದೆ. ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಶುಲ್ಕವನ್ನು ಭರಿಸಿ ತಿಂಗಳಿಗೆ 1,400 ಯೂರೊ ಕೊಡುತ್ತದೆ. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿ ನಡೆಸುವ ಇಪಾಸ್ ವಿದ್ಯಾರ್ಥಿವೇತನ ಯೋಜನೆಗೆ ಕನಿಷ್ಠ ಎರಡು ವರ್ಷಗಳ ವೃತ್ತಿ ಅನುಭವ ಬೇಕು, ಕೊನೆಯ ಪದವಿ ಸಾಮಾನ್ಯವಾಗಿ ಆರು ವರ್ಷಗಳಿಗಿಂತ ಹಳೆಯದಾಗಿರಬಾರದು. ಜಪಾನ್ ಮತ್ತು ವಿಶ್ವಬ್ಯಾಂಕ್ ಜಂಟಿಯಾಗಿ ಕೊಡುವ ವಿದ್ಯಾರ್ಥಿವೇತನ ಅಭಿವೃದ್ಧಿ ಕ್ಷೇತ್ರದಲ್ಲಿ ಮೂರು ವರ್ಷ ದುಡಿದವರಿಗೆ ಮಾತ್ರ, ಅದೂ ನಿಗದಿತ ಕೋರ್ಸುಗಳಿಗೆ. ಹೆಚ್ಚಿನವುಗಳಲ್ಲಿ ಅನುಭವದ ಷರತ್ತು ಮರುಕಳಿಸುವುದನ್ನು ನೋಡಿದರೆ, ಪದವಿ ಮುಗಿಸಿದ ಕೂಡಲೇ ಅರ್ಜಿ ಹಾಕುವ ಆತುರಕ್ಕಿಂತ ಎರಡು ಮೂರು ವರ್ಷ ಕೆಲಸ ಮಾಡಿ ಹಾಕುವುದರ ಪ್ರಯೋಜನ ತಾನಾಗಿ ಗೊತ್ತಾಗುತ್ತದೆ.

ಉದ್ಯೋಗದ ಚಿತ್ರ ಬದಲಾಗಿರುವುದನ್ನು ವಿಶ್ವವಿದ್ಯಾಲಯಗಳ ಪ್ರಚಾರ ಪತ್ರಗಳು ಇನ್ನೂ ಸರಿಯಾಗಿ ಹೇಳುತ್ತಿಲ್ಲ, ಇದು ನನ್ನ ದೊಡ್ಡ ತಕರಾರು. 1961ರಿಂದ ಇದ್ದ ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಪ್ರತ್ಯೇಕ ಸಂಸ್ಥೆಯಾಗಿ ನೆರವು ನಡೆಸುವುದನ್ನು ನಿಲ್ಲಿಸಿತು. ಅದರ ಗುತ್ತಿಗೆಗಳನ್ನು ನಂಬಿದ್ದ ಸಂಸ್ಥೆಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡರು. ಬ್ರಿಟನ್ ತನ್ನ ಅಭಿವೃದ್ಧಿ ಇಲಾಖೆಯನ್ನು 2020ರಲ್ಲಿ ವಿದೇಶಾಂಗ ಕಚೇರಿಯೊಳಗೆ ವಿಲೀನಗೊಳಿಸಿತು, 2021ರಲ್ಲಿ ನೆರವನ್ನು ರಾಷ್ಟ್ರೀಯ ಆದಾಯದ ಶೇ. 0.7ರಿಂದ ಶೇ. 0.5ಕ್ಕೆ ಇಳಿಸಿತು, 2027ರ ಹೊತ್ತಿಗೆ ಶೇ. 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ನೆರವು ಸಂಸ್ಥೆಗಳ ಆಡಳಿತ ಕ್ರಮವನ್ನಷ್ಟೇ ಕಲಿಸುವ ಕೋರ್ಸಿಗಿಂತ ಸಮೀಕ್ಷೆ ರೂಪಿಸುವುದು, ಸಾರ್ವಜನಿಕ ಹಣಕಾಸನ್ನು ಓದುವುದು, ಪರಿಣಾಮವನ್ನು ಅಳೆಯುವುದು, ಭೂಮಿ ಮತ್ತು ಹವಾಮಾನದ ಕಾನೂನುಗಳನ್ನು ಅರಿಯುವುದು ಇವನ್ನು ಕಲಿಸುವ ಕೋರ್ಸಿಗೆ ಬಾಳಿಕೆ ಹೆಚ್ಚು. ಆ ಕೌಶಲಗಳಿಗೆ ಸರ್ಕಾರಗಳಲ್ಲೂ ಸಂಶೋಧನಾ ಸಂಸ್ಥೆಗಳಲ್ಲೂ ಕೆಲಸವಿದೆ. ವಿಶ್ವಸಂಸ್ಥೆಯ ಪಿ-2 ಎಂಬ ಆರಂಭಿಕ ಹಂತದ ವೃತ್ತಿಪರ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆ ಎರಡು ವರ್ಷಗಳ ಅನುಭವ ಕೇಳುತ್ತಾರೆ, ಬರಿಯ ಪದವಿಯಿಂದ ಅಲ್ಲಿ ಬಾಗಿಲು ತೆರೆಯುವುದಿಲ್ಲ.

ವೀಸಾ ನಿಯಮಗಳನ್ನೂ ತೂಕಕ್ಕೆ ಹಾಕಬೇಕು. 2024ರ ಜನವರಿಯಿಂದ ಬ್ರಿಟನ್ನಿಗೆ ಬೋಧನಾ ಆಧಾರಿತ ಸ್ನಾತಕೋತ್ತರ ಓದಿಗೆ ಹೋಗುವವರು ಸಂಗಾತಿಯನ್ನಾಗಲಿ ಮಕ್ಕಳನ್ನಾಗಲಿ ಸಾಮಾನ್ಯವಾಗಿ ಅವಲಂಬಿತರೆಂದು ಕರೆದೊಯ್ಯುವಂತಿಲ್ಲ. ಓದಿನ ನಂತರ ಅಲ್ಲಿ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷಗಳ ಅವಕಾಶ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ನೆದರ್ಲೆಂಡ್ಸ್‌ನಲ್ಲಿ ಒಂದು ವರ್ಷದ ಅವಕಾಶವಿದ್ದು, ಪದವಿ ಪಡೆದ ಮೂರು ವರ್ಷಗಳೊಳಗೆ ಅದನ್ನು ಕೇಳಬಹುದು.

ಪ್ರವೇಶ ಪತ್ರಗಳು ಕೈಗೆ ಬಂದ ಮೇಲೆ ಎದುರಾಗುವ ತೊಡಕು ದಿನಾಂಕಗಳದ್ದು. ಕೆಲವು ವಿಶ್ವವಿದ್ಯಾಲಯಗಳು ಸೀಟು ಕಾದಿರಿಸಲು ಮುಂಗಡ ಹಣವನ್ನು ವಸಂತದಲ್ಲಿಯೇ ಕೇಳುತ್ತವೆ; ಚೀವ್ನಿಂಗ್‌ನಂಥ ವಿದ್ಯಾರ್ಥಿವೇತನದ ಫಲಿತಾಂಶ ಬರುವುದು ಜೂನ್ ಹೊತ್ತಿಗೆ. ಗಾಬರಿಯಿಂದ ಹಣ ಕಟ್ಟುವ ಮೊದಲು, ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೀರಿ, ಫಲಿತಾಂಶ ಯಾವಾಗ ಎಂದು ತಿಳಿಸಿ ಗಡುವು ವಿಸ್ತರಿಸುವಂತೆ ಪ್ರವೇಶ ಕಚೇರಿಗೆ ಬರೆಯಬೇಕು. ಒಪ್ಪದಿದ್ದರೆ, ಮುಂಗಡ ಯಾವ ಸಂದರ್ಭದಲ್ಲಿ ಮರಳುತ್ತದೆ ಮತ್ತು ಸೀಟನ್ನು ಮುಂದಿನ ವರ್ಷಕ್ಕೆ ಮುಂದೂಡಲು ಬರುತ್ತದೆಯೇ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದ ಮೇಲೆಯೇ ಹಣ ಕಳಿಸಬೇಕು.