ನಡುರಾತ್ರಿಯ ಕಾಲೇಜು ರೇಡಿಯೋ: ಮೂರು ಗಂಟೆ ಕೇಳಿ ಬರೆದದ್ದು

ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಮುಗಿದ ಕೂಡಲೇ ಏನು ಹಾಕಬಹುದು? ಅಮೆರಿಕದ ಕಾಲೇಜು ರೇಡಿಯೋದ ಈ ನಡುರಾತ್ರಿ ಕಾರ್ಯಕ್ರಮ ನಡೆಸುವ ಹುಡುಗಿ ಹಾಕಿದ್ದು ಇಥಿಯೋಪಿಯಾದ ಮುಲಾತು ಅಸ್ತಾತ್ಕೆ ಅವರ ಹಳೇ ಜಾಝ್. ನಡುವೆ ಒಂದು ಮಾತೂ ಇಲ್ಲ. ಇಥಿಯೋಪಿಯಾದ ಸಂಗೀತದಲ್ಲೂ ಐದು ಸ್ವರದ ಶ್ರೇಣಿಗಳು ಜಾಸ್ತಿ. ಮೋಹನ, ಹಿಂದೋಳ ಕೇಳಿ ಬೆಳೆದ ಕಿವಿಗೆ ಅದು ಪರದೇಶದ್ದು ಅನ್ನಿಸುವುದೇ ಇಲ್ಲ. ಕದ್ರಿಯವರದ್ದು 2008ರಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ನುಡಿಸಿದ ಆಲ್ಬಂನದು. ಇವೆರಡನ್ನು ಪಕ್ಕಪಕ್ಕ ಇಡಬೇಕು ಅಂತ ಹೊಳೆಯಬೇಕಾದರೆ ಎರಡನ್ನೂ ಮನಸ್ಸಿಟ್ಟು ಕೇಳಿರಬೇಕು, ಅಲ್ವಾ?

ಇದು ಅಮೆರಿಕದ ಒಂದು ಯೂನಿವರ್ಸಿಟಿಯ ಸ್ಟೇಷನ್. ನಡೆಸುವವರು ವಿದ್ಯಾರ್ಥಿಗಳು, ಅದಕ್ಕೇ ಹೆಸರು ಬರೆಯುತ್ತಿಲ್ಲ. ಅಲ್ಲಿ ಎಫ್‌ಎಂನ 88ರಿಂದ 92 ಮೆಗಾಹರ್ಟ್ಸ್‌ವರೆಗಿನ ಜಾಗ ವ್ಯಾಪಾರವಿಲ್ಲದ ಸ್ಟೇಷನ್‌ಗಳಿಗೆ ಮೀಸಲು. ಜಾಹೀರಾತು ಹಾಕುವ ಹಾಗಿಲ್ಲ. ನೆರವು ಕೊಟ್ಟವರ ಹೆಸರು ಹೇಳಬಹುದು, ಆದರೆ ಬೆಲೆ ಹೇಳಬಾರದು, 'ಬಂದು ಕೊಳ್ಳಿ' ಅನ್ನಬಾರದು. ಹಾಗಾಗಿ ಹನ್ನೆರಡರಿಂದ ಮೂರರವರೆಗೆ ಹಾಡು ಮತ್ತು ಮಾತು ಮಾತ್ರ. ಗಂಟೆಗೊಮ್ಮೆ ಸ್ಟೇಷನ್ನಿನ ಗುರುತಿನ ಅಕ್ಷರಗಳನ್ನೂ ಊರಿನ ಹೆಸರನ್ನೂ ಹೇಳುತ್ತಾಳೆ. ಅದು ಕಾನೂನು.

ಮೊದಲ ಗಂಟೆಯಲ್ಲಿ ಗಾಂಗ್ ಮತ್ತು ಲೋಹದ ವಾದ್ಯಗಳ ಮೇಳವಾದ ಜಾವಾದ ಗಮೆಲಾನ್, ರೆಗೆ ಹಾಡುಗಳ ಬಾಸ್, ಡ್ರಮ್ ಮುಂದೆ ತಂದು ಮಾಡುವ ಜಮೈಕಾದ ಡಬ್, ಆಲಿಸ್ ಕೋಲ್ಟ್ರೇನ್ ಅವರ ಹಾರ್ಪ್ ಎಲ್ಲ ಬಂದವು. ಎಲ್ಲ ಸೇರಿಸುತ್ತೇವೆ ಅಂತ ಹೊರಡುವ ಕಾರ್ಯಕ್ರಮಗಳು ಎಷ್ಟೋ ಸಲ ಸುಮ್ನೆ ಅಚ್ಚರಿ ಹುಟ್ಟಿಸಲು ನೋಡುತ್ತವೆ. ಇಲ್ಲಿ ಹಾಗಿಲ್ಲ. ಗಮೆಲಾನ್‌ನ ಕೊನೆಯ ಗಾಂಗ್ ಪೂರ್ತಿ ಆರುವವರೆಗೂ ಅವಳು ಕಾದಳು. ಆಮೇಲೆ ಡಬ್‌ನ ಬಾಸ್ ಬಂತು. ಆ ಕಾಯುವಿಕೆ ನನಗೆ ತುಂಬಾ ಹಿಡಿಸಿತು.

ಎರಡನೇ ಗಂಟೆಗೆ ಸ್ಟುಡಿಯೋಗೆ ಅತಿಥಿಯಾಗಿ ಒಂದು ಬ್ಯಾಂಡ್. ನಾಲ್ಕು ಜನ, ಅದೇ ಊರಿನವರು, ಇನ್ನೂ ಯಾವ ರೆಕಾರ್ಡ್ ಕಂಪನಿಯೂ ಇಲ್ಲ. ಕಾಲೇಜು ರೇಡಿಯೋ ಹೆಸರು ಮಾಡಿದ್ದೇ ಇಂಥವರಿಂದ. 1980ರ ದಶಕದಲ್ಲಿ ಆರ್‌.ಇ.ಎಂ. ಬ್ಯಾಂಡನ್ನು ದೊಡ್ಡ ಸ್ಟೇಷನ್‌ಗಳಿಗಿಂತ ಮೊದಲು ಎತ್ತಿಕೊಂಡಿದ್ದು ಇಂಥ ಸ್ಟೇಷನ್‌ಗಳೇ. ಆದರೆ ಸಂದರ್ಶನ ಅಂದರೆ ನನಗೆ ಸ್ವಲ್ಪ ಭಯ. ಹೇಗೆ ಭೇಟಿಯಾದಿರಿ, ಹೆಸರು ಎಲ್ಲಿಂದ ಬಂತು, ಮುಂದಿನ ಯೋಜನೆ ಏನು. ಇವಳು ಇದ್ಯಾವುದನ್ನೂ ಕೇಳಲಿಲ್ಲ. ಸ್ಟೇಷನ್ನಿನ ರೆಕಾರ್ಡ್ ಕೋಣೆಗೆ ಹೋಗಿ ಒಬ್ಬೊಬ್ಬರು ಒಂದೊಂದು ರೆಕಾರ್ಡ್ ತರಲು ಹೇಳಿದ್ದಳು. ಮಾತು ಅಲ್ಲಿಂದ ಶುರುವಾಯಿತು.

ಬಾಸ್ ನುಡಿಸುವವಳು ತಂದಿದ್ದು ಯಂಗ್ ಮಾರ್ಬಲ್ ಜೈಂಟ್ಸ್. ವೇಲ್ಸ್‌ನ ಬ್ಯಾಂಡ್, ಸ್ಟುಡಿಯೋ ಆಲ್ಬಂ ಮಾಡಿದ್ದು ಒಂದೇ, 1980ರಲ್ಲಿ. ಅವರಲ್ಲಿ ಡ್ರಮ್ಮರ್ ಇರಲಿಲ್ಲ. ಸಣ್ಣ ಡ್ರಮ್ ಯಂತ್ರ, ಒಂದು ಗಿಟಾರ್, ಒಂದು ಬಾಸ್, ಆರ್ಗನ್, ಮೆಲ್ಲನೆಯ ದನಿ, ಅಷ್ಟೇ. 'ಅವರು ಎಲ್ಲಿ ನುಡಿಸುವುದಿಲ್ಲವೋ ಅದನ್ನು ಕೇಳಿ' ಅಂದಳು. ಆಮೇಲೆ ತಮ್ಮ ಹಾಡಿನ ಬಾಸ್ ಭಾಗವನ್ನು ಒಬ್ಬಳೇ ನುಡಿಸಿದಳು. ಎರಡು ಸ್ವರ, ಖಾಲಿ, ಮತ್ತೆ ಒಂದು ಸ್ವರ. ಡ್ರಮ್ಮರ್ ಆ ಖಾಲಿಯಲ್ಲಿ ಬ್ರಶ್‌ನಿಂದ ಒಂದೇ ಒಂದು ಪೆಟ್ಟು ಹಾಕಿದ. ಕೋಲು ಬಿಟ್ಟು ಬ್ರಶ್ ಯಾಕೆ ಅಂತ ಕಾರ್ಯಕ್ರಮದ ಹುಡುಗಿ ಕೇಳಿದಳು. ಕೋಣೆ ಚಿಕ್ಕದು, ಕೋಲಿನಿಂದ ಹೊಡೆದರೆ ಎಲ್ಲರ ಮೈಕಿಗೂ ಡ್ರಮ್ಮೇ ಹೋಗುತ್ತದೆ ಅಂದ. ನಂತರ ಪೂರ್ತಿ ಹಾಡು ನುಡಿಸಿದರು. ಅಷ್ಟು ಹೊತ್ತಿಗೆ ಹಾಡು ಹೇಗೆ ಕಟ್ಟಿದ್ದಾರೆ ಅಂತ ನನಗೆ ಗೊತ್ತಿತ್ತು. ಹೊಸ ಬ್ಯಾಂಡಿನ ಹಾಡನ್ನು ಮೊದಲ ಸಲಕ್ಕೇ ಇಷ್ಟು ಹತ್ತಿರದಿಂದ ನಾನು ಎಂದೂ ಕೇಳಿರಲಿಲ್ಲ.

ಕೊರತೆಗಳೂ ಇವೆ. ಲೈವ್‌ನ ಮೊದಲ ಹಾಡಿನಲ್ಲಿ ದನಿ ತೀರಾ ಹಿಂದೆ ಉಳಿಯಿತು. ಸಾಹಿತ್ಯ ಅರ್ಧ ತಿಳಿಯಲಿಲ್ಲ. ಎರಡನೆಯದಕ್ಕೆ ಯಾರೋ ಸರಿ ಮಾಡಿದರು. ಇನ್ನೊಂದು ತೊಂದರೆ ಹೆಸರು ಹೇಳುವುದರಲ್ಲಿ. ಏಳು ಹಾಡು ಹಾಕಿ ಕೊನೆಗೆ ಏಳರ ಹೆಸರನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಾಳೆ. ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಸ್ಪಿನಿಟ್ರಾನ್ ಅನ್ನುವ ವೆಬ್‌ಸೈಟ್‌ನಲ್ಲಿ ಪಟ್ಟಿ ಹಾಕುತ್ತಾರೆ, ಅದನ್ನು ತೆರೆದಿಟ್ಟುಕೊಂಡೇ ಕೇಳಿ.

ಮೂರನೇ ಗಂಟೆ ಸ್ವಲ್ಪ ಸಪ್ಪೆ. ಬ್ಯಾಂಡ್ ಹೊರಟ ಮೇಲೆ ಒಂದೇ ಸ್ವರ ಎಳೆಯುತ್ತಾ ಹೋಗುವ ಉದ್ದುದ್ದ ಡ್ರೋನ್ ಹಾಡುಗಳು. ನಿದ್ದೆಗೆಟ್ಟು ಓದುವವರಿಗೆ ಒಳ್ಳೆಯದೇ ಇರಬಹುದು.

ರೆಕಾರ್ಡಿಂಗ್ ಸ್ಟೇಷನ್ನಿನ ಆರ್ಕೈವ್‌ನಲ್ಲಿ ಎರಡು ವಾರ ಮಾತ್ರ ಇರುತ್ತದೆ. ಇಂಥ ಸ್ಟೇಷನ್ ಯಾವುದಾದರೂ ಕೇಳುತ್ತಿದ್ದರೆ ಅತಿಥಿ ಬರುವ ರಾತ್ರಿ ಯಾವುದೆಂದು ಮೊದಲೇ ನೋಡಿಕೊಳ್ಳಿ. ಫೋನಿನ ಸ್ಪೀಕರ್ ಬೇಡ, ಆ ಬಾಸ್ ಅದರಲ್ಲಿ ಕೇಳುವುದಿಲ್ಲ.