ಕಾರಣ ಹುಡುಕಿ ದುರಸ್ತಿ ಮಾಡುವ ಕೂಲರ್ ಸರ್ವಿಸ್

ನಮ್ಮ ಹಾಲಿನಂಗಡಿಯ ಆರ್-134ಎ ಎಂಬ ತಂಪುಕಾರಕ ಗ್ಯಾಸಿನ ಕೂಲರ್ ಪದೇ ಪದೇ ಟ್ರಿಪ್ ಆಗುತ್ತಿದ್ದಾಗ ಬಂದ ಈ ಮೆಕ್ಯಾನಿಕ್ ಗೇಜ್ ಹಾಕಿ ನೋಡಿದರೆ ಡಿಸ್ಚಾರ್ಜ್ ಒತ್ತಡ, ಅಂದರೆ ಕಂಪ್ರೆಸರಿನಿಂದ ಹೊರಬರುವ ಗ್ಯಾಸಿನ ಒತ್ತಡ, 230 ಪಿಎಸ್ಐ (ಒತ್ತಡದ ಮಾನ) ಸಮೀಪವಿತ್ತು. 32 ಡಿಗ್ರಿ ಹವೆಯಲ್ಲಿ ಅದು 150ರ ಆಸುಪಾಸಿನಲ್ಲಿರಬೇಕಿತ್ತು. ಧೂಳು ಹಿಡಿದಿದ್ದ ಕಂಡೆನ್ಸರ್ (ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಾಯಿಲ್) ತೊಳೆದ ಮೇಲೂ 200ಕ್ಕಿಂತ ಕೆಳಗಿಳಿಯದಿದ್ದಾಗ ಅವರು ಕಂಪ್ರೆಸರ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ, ಕಾಯಿಲ್ ಹೊರಗಿನ ಹವೆಯಷ್ಟೇ ತಣಿದ ಬಳಿಕ ಒತ್ತಡವನ್ನು ಆ ಗ್ಯಾಸಿನ ತಾಪ-ಒತ್ತಡ ಕೋಷ್ಟಕದೊಂದಿಗೆ ಹೋಲಿಸಿದರು. ಸುಮಾರು 104 ಇರಬೇಕಾದಲ್ಲಿ 130 ಕಂಡಿದ್ದರಿಂದ, ಹಿಂದಿನ ರಿಪೇರಿಯವರು ವ್ಯಾಕ್ಯೂಮ್ ಸರಿಯಾಗಿ ಎಳೆಯದೆ ಒಳಗೆ ಗಾಳಿ ಉಳಿಸಿದ್ದಾರೆಂದು ಅವರು ತೀರ್ಮಾನಿಸಿದರು. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡು, ತೇವ ಹೀರುವ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಮಾಡಿ, ಹೊಸದನ್ನು ತೂಗಿ ತುಂಬಿದ ಮೇಲೆ ಒತ್ತಡ ಸರಿಹೋಯಿತು. ಮಜೂರಿ ದುಬಾರಿಯೇ; ಆದರೂ ಬಂದ ಕೂಡಲೇ ಗ್ಯಾಸ್ ತುಂಬಿಸಲು ಹೊರಡುವವರಿಗಿಂತ ಇವರು ವಾಸಿ. ಅಳತೆಗಳನ್ನು ಬಿಲ್ಲಿನಲ್ಲಿ ಬರೆದುಕೊಡದಿದ್ದುದೊಂದು ಕೊರತೆ.