ಬ್ರೈಲ್ ಸ್ಲೇಟು, ಪರ್ಕಿನ್ಸ್ ಯಂತ್ರ, ಮೊಬೈಲ್: ಮಗಳಿಗೆ ಯಾವುದು?

ಕಣ್ಣು ಕಾಣದ ಮಗಳ ಓದುಬರಹಕ್ಕೆ ಈ ಮೂರರಲ್ಲಿ ಯಾವುದು ಸರಿ ಎಂದು ಉಡುಪಿಯಿಂದ ಕೇಳಿದ ತಾಯಿಗೆ: ನಿಮ್ಮ ಮಗಳು ಬ್ರೈಲ್‌ನಲ್ಲಿ, ಅಂದರೆ ಬೆರಳಿನಿಂದ ಮುಟ್ಟಿ ಓದುವ ಉಬ್ಬು ಚುಕ್ಕೆಗಳ ಲಿಪಿಯಲ್ಲಿ, ಈಗಷ್ಟೇ ಅಕ್ಷರ ಕಲಿಯುತ್ತಿದ್ದರೆ ಅದನ್ನು ಟೈಪ್ ಮಾಡುವ ಪರ್ಕಿನ್ಸ್ ಯಂತ್ರ ಸುಲಭ. ಆರು ಕೀಲಿಗಳನ್ನು ಒತ್ತಿದಂತೆ ಚುಕ್ಕೆಗಳು ಮೇಲ್ಮುಖವಾಗಿ ಮೂಡುತ್ತವೆ. ಬರೆದ ಅಕ್ಷರವನ್ನು ಅಲ್ಲೇ ಬೆರಳಾಡಿಸಿ ಓದಬಹುದು. ಸ್ಲೇಟಿನಲ್ಲಾದರೆ, ಅಂದರೆ ಕಾಗದ ಸಿಕ್ಕಿಸಿ ಮೊನಚು ಕಡ್ಡಿಯಿಂದ ಚುಕ್ಕೆ ಚುಚ್ಚುವ ಚೌಕಟ್ಟಿನಲ್ಲಾದರೆ, ಬಲದಿಂದ ಎಡಕ್ಕೆ ಚುಚ್ಚಿ, ಕಾಗದ ಮಗುಚಿ ಓದಬೇಕು. ಎಳೆಯ ಮಗುವಿಗೆ ಇದು ಗೊಂದಲ.

ಆದರೆ ಯಂತ್ರ ದುಬಾರಿ, ಸುಮಾರು 5 ಕಿಲೋ ಭಾರ. ಬಸ್ಸಿನಲ್ಲಿ ಶಾಲೆಗೆ ಹೋಗುವವಳ ಚೀಲಕ್ಕೆ ಅಗ್ಗದ ಸ್ಲೇಟೇ ಸರಿ. ನಮ್ಮ ಮಳೆಗಾಲದ ತೇವಕ್ಕೆ ಚುಕ್ಕೆಗಳು ಕುಗ್ಗುತ್ತವೆ, ಹಾಳೆಗಳನ್ನು ಮುಚ್ಚಳದ ಡಬ್ಬಿಯಲ್ಲಿಡಿ.

ಆಂಡ್ರಾಯ್ಡ್ ಮೊಬೈಲಿನಲ್ಲಿ ಪರದೆಯ ಬರಹವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಉಚಿತ, ಕನ್ನಡವನ್ನೂ ಓದುತ್ತದೆ. ದೊಡ್ಡ ತರಗತಿಯ ದಪ್ಪ ಪುಸ್ತಕಗಳಿಗೆ ಅದು ಬೇಕೇ ಬೇಕು. ಬರೀ ಕೇಳಿ ಕಲಿತರೆ ಕಾಗುಣಿತ ಗಟ್ಟಿಯಾಗದು ಎಂಬುದು ನನ್ನ ದೃಢ ಅನಿಸಿಕೆ. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಾದರೆ ಮೊಬೈಲಿನಿಂದಲೇ ಆರಂಭಿಸಬಹುದು.